ರಕ್ತದ ಸಕ್ಕರೆಯ ಗಡಿಯಂಕವೂ ಮನೆತನದ ಲೆಕ್ಕವೂ

(ಮುಖ್ಯೋಪಾಧ್ಯಾಯಿನಿಯವರಿಂದ)

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಮುಖ್ಯೋಪಾಧ್ಯಾಯಿನಿಯಾದವಳು ಪರೀಕ್ಷಾ ಫಲಿತಾಂಶಗಳ ವಿಷಯವಾಗಿ ಬರೆಯುವುದು ವಾಡಿಕೆ. ಈ ಸಲವೂ ನಾನು ಫಲಿತಾಂಶದ ವಿಷಯವನ್ನೇ ಬರೆಯುತ್ತಿದ್ದೇನೆ; ಆದರೆ ಈ ಪರೀಕ್ಷೆಗೆ ಕುಳಿತವರು ನಮ್ಮ ವಿದ್ಯಾರ್ಥಿನಿಯರಲ್ಲ, ಅವರ ತಾಯಂದಿರು, ಅಜ್ಜಿಯರು, ಮತ್ತು ಈ ಶಾಲೆಯನ್ನು ಬಿಟ್ಟು ಹದಿನೈದು ಇಪ್ಪತ್ತು ವರ್ಷಗಳಾದ ಹಳೆಯ ವಿದ್ಯಾರ್ಥಿನಿಯರು. ರಕ್ತದಲ್ಲಿರುವ ಸಕ್ಕರೆಯ ಪರೀಕ್ಷೆಯನ್ನು ಕುರಿತು ಹೇಳುತ್ತಿದ್ದೇನೆ. ಪಾಲಕರ ಸಭೆ ಮುಗಿದ ಮೇಲೆ ಹಿಂದೆ ಉಳಿದು, ನಾಲ್ಕಾಗಿ ಮಡಿಸಿದ ಚೀಟಿಯನ್ನು ಬಿಚ್ಚಿ, “ಟೀಚರಮ್ಮ, ಇದರಾಗ ಏನು ಬರದಾರ ನೋಡ್ರಿ, ಬಾರ್ಡರಿನಾಗ ಐತಂತ” ಎಂದು ಕೇಳುವ ತಾಯಂದಿರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ನಾನು ವೈದ್ಯಳಲ್ಲ. ಔಷಧದ ಮಾತು ನನ್ನದಲ್ಲ. ಆದರೆ ಬರೆದದ್ದನ್ನು ಓದಿ ಅರ್ಥ ಮಾಡಿಕೊಳ್ಳುವುದನ್ನು ಕಲಿಸುವುದು ನನ್ನ ವೃತ್ತಿಯಾದುದರಿಂದ, ಈ ಚೀಟಿಯನ್ನು ಓದುವ ಬಗೆಯನ್ನೂ, ಅದನ್ನು ನಮ್ಮ ಮನೆಗಳಲ್ಲಿ ಬಚ್ಚಿಡುವ ಪದ್ಧತಿಯ ಕೆಡಕನ್ನೂ ಕುರಿತು ನನ್ನ ಅಭಿಪ್ರಾಯವನ್ನು ಹಳೆಯ ವಿದ್ಯಾರ್ಥಿನಿಯರ ಮತ್ತು ಪಾಲಕರ ಮುಂದೆ ಇಡುತ್ತೇನೆ.

ಮೊದಲು ಅಂಕಗಳನ್ನು ನೋಡೋಣ. ರಾತ್ರಿ ಊಟವಾದ ಬಳಿಕ ಎಂಟು ತಾಸಿಗೆ ಕಡಿಮೆಯಿಲ್ಲದಂತೆ ನೀರಿನ ಹೊರತು ಏನನ್ನೂ ಸೇವಿಸದೆ ಬೆಳಿಗ್ಗೆ ರಕ್ತವನ್ನು ಕೊಟ್ಟರೆ, ಒಂದು ಡೆಸಿಲೀಟರಿನಲ್ಲಿ ಸಕ್ಕರೆಯು 100 ಮಿಲಿಗ್ರಾಮಿಗೆ ಒಳಗಿರುವುದು ಸಹಜ. 126 ಅಥವಾ ಅದಕ್ಕೆ ಮೇಲ್ಪಟ್ಟರೆ ಮಧುಮೇಹ. ನಡುವಣ 100ರಿಂದ 125ರ ವರೆಗಿನದೇ ಗಡಿ. ಇನ್ನೊಂದು ಪರೀಕ್ಷೆಯಲ್ಲಿ 75 ಗ್ರಾಂ ಗ್ಲೂಕೋಸನ್ನು ನೀರಿನಲ್ಲಿ ಕದಡಿ ಕುಡಿಸಿ, ಎರಡು ತಾಸಿನ ತರುವಾಯ ರಕ್ತವನ್ನು ತೆಗೆಯುತ್ತಾರೆ; ಇದರಲ್ಲಿ 140ಕ್ಕೆ ಒಳಗೆ ಸಹಜ, 200 ಮುಟ್ಟಿದರೆ ರೋಗ, ನಡುವೆ ಗಡಿ. ಮೂರನೆಯದು ಎಚ್‌ಬಿಎ1ಸಿ ಎಂಬುದು. ರಕ್ತದ ಕೆಂಪು ಕಣವು ಸುಮಾರು 120 ದಿವಸ ಬದುಕುತ್ತದೆ. ಅಷ್ಟು ಕಾಲದಲ್ಲಿ ಅದಕ್ಕೆ ಅಂಟಿಕೊಂಡ ಸಕ್ಕರೆಯನ್ನು ಅಳೆದರೆ ಹಿಂದಿನ ಎರಡು ಮೂರು ತಿಂಗಳ ಸರಾಸರಿ ತಿಳಿಯುತ್ತದೆ. ಇದರಲ್ಲಿ 5.7ರಿಂದ 6.4ರ ವರೆಗೆ ಗಡಿ, 6.5ರಿಂದ ಮೇಲಕ್ಕೆ ಮಧುಮೇಹ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಈ ಗೆರೆಗಳನ್ನು ಎಳೆದವರು ಮನುಷ್ಯರೇ. ಪರೀಕ್ಷೆಯಲ್ಲಿ 34 ಅಂಕ ಪಡೆದ ಹುಡುಗಿಗೂ 35 ಪಡೆದ ಹುಡುಗಿಗೂ ವಿದ್ಯೆಯಲ್ಲಿ ಎಷ್ಟು ವ್ಯತ್ಯಾಸ ಉಂಟೆಂಬುದನ್ನು ಪತ್ರಿಕೆಗಳನ್ನು ತಿದ್ದಿದ ಯಾವ ಉಪಾಧ್ಯಾಯಿನಿಯೂ ಬಲ್ಲಳು. 126 ಎಂಬ ಗೆರೆಗೆ ಆಧಾರವಿಲ್ಲದಿಲ್ಲ. ಸುಮಾರಾಗಿ ಆ ಮಟ್ಟವನ್ನು ದಾಟಿದವರಲ್ಲಿ ಕಣ್ಣಿನ ಹಿಂಪರದೆಯ ಸಣ್ಣ ರಕ್ತನಾಳಗಳಿಗೆ ಹಾನಿ ಕಾಣಿಸುವುದು ಹೆಚ್ಚುತ್ತದೆಂಬುದನ್ನು ನೋಡಿ ಅದನ್ನು ಗೊತ್ತುಮಾಡಿದರು. ಆದರೆ ಕೆಳಗಿನ ಗೆರೆಯ ವಿಷಯದಲ್ಲಿ ವಿದ್ವಾಂಸರಲ್ಲಿಯೇ ಏಕಮತವಿಲ್ಲ. ಅಮೇರಿಕೆಯ ಮಧುಮೇಹ ಸಂಘದವರು 100ರಿಂದಲೇ ಗಡಿಯೆನ್ನುತ್ತಾರೆ, ವಿಶ್ವ ಆರೋಗ್ಯ ಸಂಸ್ಥೆಯವರು 110ರಿಂದ ಎನ್ನುತ್ತಾರೆ. ಆದಕಾರಣ 104 ಎಂಬ ಒಂದೇ ಚೀಟಿಯನ್ನು ಒಬ್ಬ ವೈದ್ಯರು ಸಹಜವೆಂದೂ ಮತ್ತೊಬ್ಬರು ಗಡಿಯೆಂದೂ ಹೇಳಿದರೆ ಇಬ್ಬರಲ್ಲಿ ಒಬ್ಬರು ಸುಳ್ಳಾಡಿದರೆಂದು ತಿಳಿಯಬಾರದು. ರಾಯಚೂರು ತಾಲೂಕಿನ ನಮ್ಮ ಗಡಿಸೀಮೆಯವರಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ಯಾಪಲದಿನ್ನಿಯ ಕಡೆಯ ಹೊಲಗಳಲ್ಲಿ ರಾಜ್ಯದ ಗೆರೆ ಎಲ್ಲಿ ಹಾದಿದೆಯೆಂಬುದು ನಕಾಶೆಯನ್ನು ನೋಡಿದರೆ ತಿಳಿಯುತ್ತದೆಯೇ ಹೊರತು ಮಣ್ಣನ್ನು ನೋಡಿದರೆ ತಿಳಿಯುವುದಿಲ್ಲ.

ಈ ಗಡಿಯ ಚೀಟಿಯನ್ನು ಕಂಡಾಗ ನಮ್ಮ ಮನೆಗಳಲ್ಲಿ ಎರಡು ತೆರನಾದ ಮಾತು ಹುಟ್ಟುತ್ತದೆ. ಗಂಡಸಿನ ಚೀಟಿಯಾದರೆ “ಏನೂ ಇಲ್ಲ, ಬಾರ್ಡರಿನಲ್ಲಿದೆ” ಎಂದು ನಕ್ಕು, ಅದೇ ಸಂತೋಷಕ್ಕೆ ಮತ್ತೊಂದು ಕಪ್ಪು ಚಹಾ. ಹೆಂಗಸಿನ ಚೀಟಿಯಾದರೆ, ಅದರಲ್ಲಿಯೂ ವಯಸ್ಸಿನ ಹೆಣ್ಣುಮಗಳದಾದರೆ, “ಯಾರ ಮುಂದೆಯೂ ಆಡಬೇಡ” ಎಂಬ ಪಿಸುಮಾತು. ಎರಡೂ ಯಥಾರ್ಥವಲ್ಲ. ಯಥಾರ್ಥವೇನೆಂಬುದಕ್ಕೆ ನಮ್ಮ ದಕ್ಷಿಣದಲ್ಲಿಯೇ ನಡೆದ ಒಂದು ಪರಿಶೋಧನೆಯನ್ನು ಹೇಳುತ್ತೇನೆ. ಮದರಾಸಿನಲ್ಲಿ, ಅಂದರೆ ಈಗಿನ ಚೆನ್ನೈಯಲ್ಲಿ, ಡಾಕ್ಟರ್ ಎ. ರಾಮಚಂದ್ರನ್ ಮತ್ತು ಅವರ ಸಂಗಡಿಗರು ಗಡಿಯಲ್ಲಿದ್ದ 531 ಮಂದಿಯನ್ನು ನಾಲ್ಕು ಪಂಗಡ ಮಾಡಿ ಸುಮಾರು ಮೂರು ವರ್ಷಗಳ ತನಕ ನೋಡಿಕೊಂಡರು. ಫಲಿತಾಂಶವು 2006ರಲ್ಲಿ ಪ್ರಕಟವಾಯಿತು. ಸಾಧಾರಣ ಬುದ್ಧಿವಾದವನ್ನಷ್ಟೇ ಹೇಳಿ ಬಿಟ್ಟ ಪಂಗಡದಲ್ಲಿ ನೂರಕ್ಕೆ 55 ಮಂದಿ ಆ ಅವಧಿಯೊಳಗೆ ರೋಗಕ್ಕೆ ಜಾರಿದರು. ಊಟವನ್ನು ತಿದ್ದಿಕೊಂಡು ದಿನಾಲು ಅರ್ಧ ತಾಸು ಬಿರುಸಾಗಿ ನಡೆದವರಲ್ಲಿ ಹಾಗೆ ಜಾರಿದವರು ನೂರಕ್ಕೆ ಸುಮಾರು 39. ಮೆಟ್‌ಫಾರ್ಮಿನ್ ಗುಳಿಗೆಯನ್ನು ಕೊಟ್ಟ ಪಂಗಡದಲ್ಲಿಯೂ ಹೆಚ್ಚುಕಡಿಮೆ ಅಷ್ಟೇ. ಎರಡನ್ನೂ ಕೂಡಿಸಿ ಮಾಡಿದವರಿಗೆ ಅದಕ್ಕಿಂತ ಹೆಚ್ಚಿನ ಲಾಭವೇನೂ ಕಾಣಲಿಲ್ಲ.

ಈ ಲೆಕ್ಕವನ್ನು ನಿಧಾನವಾಗಿ ಓದಬೇಕು. ಏನೂ ಮಾಡದೆ ಇದ್ದವರಲ್ಲಿಯೂ ನೂರಕ್ಕೆ 45 ಮಂದಿ ಆ ಮೂರು ವರ್ಷಗಳಲ್ಲಿ ರೋಗಿಗಳಾಗಲಿಲ್ಲ. ಆದುದರಿಂದ ಗಡಿಯ ಚೀಟಿ ಬಂದೊಡನೆ ಮನೆಯಲ್ಲಿ ಶೋಕವನ್ನು ಆಚರಿಸುವುದು ಸಲ್ಲದು. ಹಾಗೆಯೇ ಅರ್ಧಕ್ಕಿಂತ ಹೆಚ್ಚು ಮಂದಿ ಮೂರೇ ವರ್ಷಗಳಲ್ಲಿ ದಾಟಿಹೋದರೆಂಬುದನ್ನು ಮರೆತು ನಗುವುದೂ ಸಲ್ಲದು. ಅಮೇರಿಕೆಯಲ್ಲಿ 2002ರಲ್ಲಿ ಪ್ರಕಟವಾದ ಇಂಥದೇ ದೊಡ್ಡ ಪರಿಶೋಧನೆಯಲ್ಲಿ ನಡಿಗೆ ಮತ್ತು ಪಥ್ಯದಿಂದ ಅಪಾಯವು ನೂರಕ್ಕೆ 58ರಷ್ಟು ಇಳಿಯಿತು. ನಮ್ಮವರಲ್ಲಿ ಇಳಿದದ್ದು ಸುಮಾರು 28ರಷ್ಟು ಮಾತ್ರ. ಆದರೆ ಚೆನ್ನೈಯವರ ತೂಕವು ಹೇಳಿಕೊಳ್ಳುವಷ್ಟು ಇಳಿಯದಿದ್ದರೂ ಲಾಭವಾಯಿತೆಂಬುದು ಗಮನಿಸತಕ್ಕ ಸಂಗತಿ. ತಕ್ಕಡಿಯ ಮುಳ್ಳು ಅಲ್ಲಾಡಲಿಲ್ಲವೆಂದು ಎರಡನೆಯ ತಿಂಗಳಿಗೆ ನಡಿಗೆಯನ್ನು ಬಿಟ್ಟುಬಿಡುವ ನಮ್ಮ ಸೋದರಿಯರು ಇದನ್ನು ನೆನಪಿಡಲಿ.

ಇನ್ನು ಚೀಟಿಯನ್ನು ನಂಬುವ ಮುಂಚೆ ಅದು ಹೇಗೆ ಹುಟ್ಟಿತೆಂದು ವಿಚಾರಿಸುವುದು ಅವಶ್ಯ. ಬೆರಳನ್ನು ಚುಚ್ಚಿ ಚಿಕ್ಕ ಯಂತ್ರದಲ್ಲಿ ನೋಡುವುದು ಜನಸಮೂಹದೊಳಗಿಂದ ಅನುಮಾನವುಳ್ಳವರನ್ನು ಆರಿಸಿ ತೆಗೆಯಲಿಕ್ಕೆ ಒಳ್ಳೆಯ ಸಾಧನ. ಆದರೆ 118ಕ್ಕೂ 127ಕ್ಕೂ ನಡುವೆ ತೀರ್ಪು ಕೊಡುವಷ್ಟು ಸೂಕ್ಷ್ಮತೆ ಅದಕ್ಕಿಲ್ಲ. ತೀರ್ಪಿಗೆ ರಕ್ತನಾಳದಿಂದ ತೆಗೆದ ರಕ್ತವೇ ಬೇಕು. ಆ ರಕ್ತವನ್ನು ಸೀಸೆಯಲ್ಲಿ ಸುಮ್ಮನೆ ಇಟ್ಟರೂ ಅದರೊಳಗಿನ ಕಣಗಳು ಜೀವದಿಂದಿದ್ದು ಸಕ್ಕರೆಯನ್ನು ತಿನ್ನುತ್ತಲೇ ಇರುತ್ತವೆ. ತಾಸಿಗೆ ನೂರಕ್ಕೆ ಐದಾರು ಪಾಲು ಇಳಿದುಹೋಗುತ್ತದೆ. ಇದನ್ನು ತಡೆಯಲಿಕ್ಕೆ ಫ್ಲೋರೈಡ್ ಹಾಕಿದ ಸೀಸೆಗಳಿವೆ; ಅದರಲ್ಲಿಯೂ ಮೊದಲ ಒಂದೆರಡು ತಾಸು ಇಳಿಕೆಯು ಪೂರ್ತಿಯಾಗಿ ನಿಲ್ಲುವುದಿಲ್ಲ. ಹಳ್ಳಿಯಲ್ಲಿ ಬೆಳಿಗ್ಗೆ ತೆಗೆದ ರಕ್ತವು ಬಿಸಿಲಿನಲ್ಲಿ ಬಸ್ಸಿನ ಮೇಲೆ ಪ್ರಯಾಣಮಾಡಿ ಮಧ್ಯಾಹ್ನ ಪಟ್ಟಣದ ಪ್ರಯೋಗಶಾಲೆಯನ್ನು ಸೇರಿದರೆ, ನಿಜವಾಗಿ 130 ಇದ್ದದ್ದು 110 ಎಂದು ಬಂದೀತು. ರಾಯಚೂರಿನ ಏಪ್ರಿಲ್ ತಿಂಗಳನ್ನು ಅನುಭವಿಸಿದವರಿಗೆ ಹೆಚ್ಚು ಹೇಳಬೇಕಿಲ್ಲ. ಜ್ವರವಿದ್ದಾಗ, ಸ್ಟೆರಾಯಿಡ್ ಔಷಧಗಳನ್ನು ಸೇವಿಸುವಾಗ, ನಿದ್ದೆಗೆಟ್ಟು ರೋಗಿಯ ಸೇವೆಯನ್ನು ಮಾಡಿದ ಮರುದಿನ, ಸಕ್ಕರೆಯು ಏರಿರುವುದೂ ಉಂಟು. ಈ ಕಾರಣದಿಂದಲೇ ರೋಗದ ಲಕ್ಷಣಗಳಿಲ್ಲದವರಲ್ಲಿ ಒಂದೇ ಸಲದ ಪರೀಕ್ಷೆಯಿಂದ ತೀರ್ಮಾನಕ್ಕೆ ಬರದೆ ಮತ್ತೊಮ್ಮೆ ನೋಡುತ್ತಾರೆ.

ಎಚ್‌ಬಿಎ1ಸಿ ಪರೀಕ್ಷೆಗೆ ಉಪವಾಸ ಬೇಡವಾದುದರಿಂದ ಅದು ಬಹಳ ಬಳಕೆಗೆ ಬಂದಿದೆ. ಅದರಲ್ಲಿ ಹೆಂಗಸರು ತಿಳಿಯಬೇಕಾದ ಒಂದು ತೊಡಕುಂಟು. ಕಬ್ಬಿಣದ ಕೊರತೆಯಿಂದ ರಕ್ತ ಕಡಿಮೆಯಾದವರಲ್ಲಿ ಈ ಅಂಕವು ಇರಬೇಕಾದುದಕ್ಕಿಂತ ಹೆಚ್ಚಾಗಿ ತೋರಬಹುದು. ಇತ್ತೀಚೆಗೆ ಬಹಳ ರಕ್ತ ಹೋದವರಲ್ಲಿ ಅಥವಾ ರಕ್ತ ಕೊಡಿಸಿಕೊಂಡವರಲ್ಲಿ ಕಡಿಮೆಯಾಗಿ ತೋರಬಹುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವರ್ಷದೊಳಗಿನ ಸ್ತ್ರೀಯರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ ಇದೆ. ಹೀಗಿರುವಲ್ಲಿ 5.9 ಎಂಬ ಚೀಟಿಯನ್ನು ಹಿಡಿದು ಬಂದ ತಾಯಿಯು ಮೊದಲು ತನ್ನ ಹಿಮೋಗ್ಲೋಬಿನ್ ಎಷ್ಟೆಂದು ಕೇಳಬೇಕು. ಅದು ಕಡಿಮೆಯಿದ್ದರೆ ಉಪವಾಸದ ಸಕ್ಕರೆಯನ್ನೂ ಗ್ಲೂಕೋಸ್ ಕುಡಿದ ಮೇಲಿನ ಸಕ್ಕರೆಯನ್ನೂ ನೋಡಿಸಬೇಕು. ಪ್ರಯೋಗಶಾಲೆಯವರು ಚೀಟಿಯಲ್ಲಿ ಒಂದು ಅಂಕದ ಪಕ್ಕಕ್ಕೆ ಕೆಂಪು ಗುರುತು ಹಾಕಿಕೊಟ್ಟರೆ ತಮ್ಮ ಕೆಲಸ ಮುಗಿಯಿತೆಂದು ಭಾವಿಸುತ್ತಾರೆ. ಕೇಳಬೇಕಾದವರು ನಾವು.

ಈಗ ಮನೆತನದ ಲೆಕ್ಕಕ್ಕೆ ಬರುತ್ತೇನೆ. ಒಂದೇ 108 ಎಂಬ ಅಂಕವು ಇಬ್ಬರಿಗೆ ಬಂದರೆ ಇಬ್ಬರ ಅಪಾಯವೂ ಸಮನಲ್ಲ. ಅಮೇರಿಕೆಯ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಮನೆತನಗಳನ್ನು ಎರಡು ತಲೆಮಾರು ನೋಡಿದವರು ಕಂಡದ್ದೇನೆಂದರೆ, ತಂದೆಗಾಗಲಿ ತಾಯಿಗಾಗಲಿ ಮಧುಮೇಹವಿದ್ದ ಮಕ್ಕಳಿಗೆ ಅದು ಬರುವ ಸಂಭವವು ಇಲ್ಲದವರಿಗಿಂತ ಮೂರೂವರೆ ಪಟ್ಟು. ಇಬ್ಬರಿಗೂ ಇದ್ದರೆ ಆರು ಪಟ್ಟು. ನಮ್ಮ ದೇಶದವರಿಗಾಗಿಯೇ ಮದರಾಸಿನ ಡಾಕ್ಟರ್ ವಿ. ಮೋಹನ್ ಮತ್ತು ಅವರ ಸಂಗಡಿಗರು 2005ರಲ್ಲಿ ಒಂದು ಸುಲಭವಾದ ಅಂಕಪಟ್ಟಿಯನ್ನು ರಚಿಸಿದರು. ಇದಕ್ಕೆ ರಕ್ತವೇ ಬೇಡ, ಒಂದು ಅಳತೆಪಟ್ಟಿ ಸಾಕು. ವಯಸ್ಸು 35ಕ್ಕೆ ಒಳಗಿದ್ದರೆ ಸೊನ್ನೆ, 35ರಿಂದ 49ರ ವರೆಗೆ 20, 50 ತುಂಬಿದವರಿಗೆ 30. ಹೆಂಗಸರ ನಡುವಿನ ಸುತ್ತಳತೆ 80 ಸೆಂಟಿಮೀಟರಿಗೆ ಒಳಗಿದ್ದರೆ ಸೊನ್ನೆ, 80ರಿಂದ 89ರ ವರೆಗೆ 10, 90 ಆದರೆ 20. ಗಂಡಸರಿಗೆ ಇದೇ ಲೆಕ್ಕವು 90 ಮತ್ತು 100ರಲ್ಲಿ. ಮೈಮುರಿದು ದುಡಿಯುವುದೂ ವ್ಯಾಯಾಮವೂ ಎರಡೂ ಉಳ್ಳವರಿಗೆ ಸೊನ್ನೆ, ಒಂದೇ ಇದ್ದರೆ 20, ಎರಡೂ ಇಲ್ಲದಿದ್ದರೆ 30. ತಂದೆತಾಯಿಗಳಲ್ಲಿ ಒಬ್ಬರಿಗೆ ರೋಗವಿದ್ದರೆ 10, ಇಬ್ಬರಿಗೂ ಇದ್ದರೆ 20. ಎಲ್ಲವನ್ನು ಕೂಡಿಸಿ 60 ಮುಟ್ಟಿದರೆ ಅಪಾಯ ಹೆಚ್ಚು, ರಕ್ತವನ್ನು ನೋಡಿಸತಕ್ಕದ್ದು. ಗಣಿತದ ಉಪಾಧ್ಯಾಯಿನಿಯರು ನನ್ನನ್ನು ಮನ್ನಿಸಲಿ, ಒಂಬತ್ತನೆಯ ತರಗತಿಯ ಹುಡುಗಿಯರು ರಜೆಯಲ್ಲಿ ಮನೆಯವರಿಗೆಲ್ಲ ಈ ಲೆಕ್ಕವನ್ನು ಮಾಡಿ ತೋರಿಸಿದರೆ ಲಾಭನಷ್ಟದ ಲೆಕ್ಕಗಳಿಗಿಂತ ಹೆಚ್ಚು ಪ್ರಯೋಜನವಾದೀತು.

ಮನೆತನದಿಂದ ಬರುವುದು ರಕ್ತದ ಗುಣ ಮಾತ್ರವಲ್ಲ, ಒಲೆಯ ಗುಣವೂ ಉಂಟು. ತುಂಗಭದ್ರೆಗೆ ಕಟ್ಟೆಯಾಗಿ 1953ರಿಂದ ಎಡದಂಡೆಯ ಕಾಲುವೆಯಲ್ಲಿ ನೀರು ಹರಿದ ಮೇಲೆ ಸಿಂಧನೂರು ಮಾನ್ವಿಗಳ ಕರಿಯ ಹೊಲಗಳು ಭತ್ತದ ಗದ್ದೆಗಳಾದವು. ತರುವಾಯ ನಾರಾಯಣಪುರದ ಬಲದಂಡೆಯ ಕಾಲುವೆಯಿಂದ ದೇವದುರ್ಗದ ಸೀಮೆಗೂ ಕೃಷ್ಣೆಯ ನೀರು ಬಂದಿತು. ಇದರಿಂದ ಸಾವಿರಾರು ಮನೆಗಳಲ್ಲಿ ದಾರಿದ್ರ್ಯ ಹಿಂಗಿತೆಂಬುದನ್ನು ಕೃತಜ್ಞತೆಯಿಂದ ನೆನೆಯತಕ್ಕದ್ದು. ಆದರೆ ಹಬ್ಬಕ್ಕೊಮ್ಮೆ ಉಣ್ಣುತ್ತಿದ್ದ ಬಿಳಿಯ ಅನ್ನವು ಎರಡು ಹೊತ್ತಿನ ಊಟವಾಯಿತು. ಜೋಳದ ರೊಟ್ಟಿಯೂ ಸಜ್ಜೆಯೂ ಪುಂಡಿಪಲ್ಯವೂ ಹಿಂದಕ್ಕೆ ಸರಿದವು. ಬೆಳಗಿನ ಹೊತ್ತಿಗೆ ಮಂಡಾಳ ಒಗ್ಗರಣೆ ಮಿರ್ಚಿಯ ಜೊತೆಗೆ ಬಂದು ಕುಳಿತಿತು. ಹಾಗೆಂದು ಜೋಳದ ರೊಟ್ಟಿಯನ್ನು ಮಂತ್ರದಂತೆ ನಂಬುವುದೂ ತಪ್ಪೇ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ದೇಶವ್ಯಾಪಿ ಸಮೀಕ್ಷೆಯಿಂದ 2025ರಲ್ಲಿ ಪ್ರಕಟವಾದ ಲೆಕ್ಕದಂತೆ ಭಾರತೀಯರ ಆಹಾರದ ಶಕ್ತಿಯಲ್ಲಿ ನೂರಕ್ಕೆ 62 ಪಾಲು ಪಿಷ್ಟ ಮತ್ತು ಸಕ್ಕರೆಗಳಿಂದಲೇ ಬರುತ್ತದೆ. ಅದರ ಒಟ್ಟು ಪ್ರಮಾಣವನ್ನು ತಗ್ಗಿಸದೆ ಅಕ್ಕಿಯ ಜಾಗದಲ್ಲಿ ಗೋಧಿಯನ್ನೋ ಸಿರಿಧಾನ್ಯವನ್ನೋ ಇಟ್ಟರೆ ಅಪಾಯವು ಇಳಿದಂತೆ ಕಾಣಲಿಲ್ಲ. ಬೇಳೆ, ಮೊಸರು, ತತ್ತಿ, ಮೀನುಗಳಿಗೆ ತಾಟಿನಲ್ಲಿ ಸ್ಥಳ ಮಾಡಿಕೊಟ್ಟಾಗ ಅದು ಇಳಿಯುವಂತೆ ಕಂಡಿತು. ನಮ್ಮ ತಾಯಂದಿರ ತಾಟಿನಲ್ಲಿ ಆಗುವುದೇನೆಂದರೆ, ಬೇಳೆಯೂ ತತ್ತಿಯೂ ಗಂಡಸರಿಗೂ ಮಕ್ಕಳಿಗೂ ಬಡಿಸಿ ಮುಗಿದ ಮೇಲೆ, ಉಳಿದ ಅನ್ನಕ್ಕೆ ತಿಳಿಸಾರನ್ನು ಸುರಿದುಕೊಂಡು ಉಣ್ಣುವುದು. ಇದನ್ನು ತ್ಯಾಗವೆಂದು ಹೊಗಳುವುದನ್ನು ನಾವು ಬಿಡಬೇಕೆಂಬುದು ನನ್ನ ಖಂಡಿತವಾದ ಅಭಿಪ್ರಾಯ.

ಗಡಿಯ ಚೀಟಿಯು ಹೆಂಗಸರ ವಿಷಯದಲ್ಲಿ ಇನ್ನೂ ಹೆಚ್ಚಿನ ಅರ್ಥವುಳ್ಳದ್ದು. ಅದು ಅವಳೊಬ್ಬಳಲ್ಲಿಯೇ ನಿಲ್ಲದೆ ಮುಂದಿನ ತಲೆಮಾರಿಗೂ ದಾಟಬಲ್ಲದು. ಇದನ್ನು ತಿಳಿಯಪಡಿಸಿದವುಗಳಲ್ಲಿ ನಮ್ಮ ಕನ್ನಡನಾಡಿನದೇ ಒಂದು ಮಿಷನ್ ಆಸ್ಪತ್ರೆಯ ದಾಖಲೆಗಳಿಗೆ ದೊಡ್ಡ ಸ್ಥಾನವಿದೆ. ಮಿಷನ್ ಶಾಲೆಯ ಮಕ್ಕಳಾದ ನಾವು ಅದನ್ನು ಅಭಿಮಾನದಿಂದ ನೆನೆಯಬಹುದು. ಮೈಸೂರಿನ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆಯು ವೆಸ್ಲಿಯನ್ ಮಿಷನ್ನಿನವರು ಸ್ತ್ರೀಯರಿಗೂ ಮಕ್ಕಳಿಗೂ ಎಂದು 1906ರಲ್ಲಿ ತೆರೆದದ್ದು. ಅಲ್ಲಿ 1934ರಿಂದ ಹುಟ್ಟಿದ ಕೂಸುಗಳ ತೂಕ, ಉದ್ದ, ತಲೆಯ ಸುತ್ತಳತೆಗಳನ್ನು ಪುಸ್ತಕಗಳಲ್ಲಿ ಬರೆದಿಟ್ಟಿದ್ದರು. ಬರೆದ ದಾದಿಯರಿಗೆ ಅದರಿಂದ ಮುಂದೆ ಏನಾದೀತೆಂಬ ಎಣಿಕೆಯಿರಲಿಲ್ಲ. ಬರೆಯುವುದು ಅವರ ಕರ್ತವ್ಯವಾಗಿತ್ತು, ಬರೆದರು. ಅರುವತ್ತು ವರ್ಷಗಳ ತರುವಾಯ ಇಂಗ್ಲೆಂಡಿನ ಸೌತಾಂಪ್ಟನ್ನಿನ ವೈದ್ಯರೂ ಮೈಸೂರಿನ ವೈದ್ಯರೂ ಕೂಡಿ ಆ ಪುಸ್ತಕಗಳನ್ನು ಹಿಡಿದುಕೊಂಡು, ಅದೇ ಊರಿನಲ್ಲಿ ಆಗ ನಡುವಯಸ್ಸನ್ನು ಮುಟ್ಟಿದ್ದ ಐದುನೂರಕ್ಕೂ ಹೆಚ್ಚು ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಹುಟ್ಟುವಾಗ ಗಿಡ್ಡಾಗಿ ದಪ್ಪಗಿದ್ದವರಲ್ಲಿಯೂ, ತಾಯಂದಿರ ತೂಕ ಹೆಚ್ಚಾಗಿದ್ದವರಲ್ಲಿಯೂ ಮಧುಮೇಹ ಹೆಚ್ಚೆಂದು ಕಂಡಿತು. ಇದರಿಂದ ಸಂದೇಹವು ತಾಯಿಯ ಬಸಿರಿನ ಕಾಲದ ಸಕ್ಕರೆಯ ಕಡೆಗೆ ತಿರುಗಿತು.

ಅದೇ ಆಸ್ಪತ್ರೆಯಲ್ಲಿ 1997–98ರಲ್ಲಿ ಗರ್ಭಿಣಿಯರಿಗೆ ಗ್ಲೂಕೋಸ್ ಕುಡಿಸಿ ನೋಡಿದಾಗ ನೂರರಲ್ಲಿ ಆರು ಮಂದಿಗೆ ಬಸಿರಿನ ಮಧುಮೇಹವು ಕಂಡುಬಂದಿತು. ಹೆರಿಗೆಯಾದ ಐದು ವರ್ಷಗಳ ಮೇಲೆ ಅವರನ್ನು ಮತ್ತೆ ಕರೆದು ನೋಡಿದರು. ಬಸಿರಿನಲ್ಲಿ ಸಕ್ಕರೆ ಕಂಡಿದ್ದವರಲ್ಲಿ ನೂರಕ್ಕೆ 37 ಮಂದಿ ಆಗಲೇ ಮಧುಮೇಹಿಗಳಾಗಿದ್ದರು. ಕಾಣದಿದ್ದವರಲ್ಲಿ ನೂರಕ್ಕೆ ಇಬ್ಬರು. ಮೊದಲಿನವರ ಹೆಣ್ಣುಮಕ್ಕಳು ಐದನೆಯ ವಯಸ್ಸಿನಲ್ಲಿಯೇ ಓರಗೆಯವರಿಗಿಂತ ಹೆಚ್ಚು ಕೊಬ್ಬನ್ನು ಹೊತ್ತಿದ್ದರು. ಹೆರಿಗೆಯಾದ ಮೇಲೆ “ಸಕ್ಕರೆ ಹೋಯಿತು” ಎಂದು ಬಾಣಂತಿಗೆ ಸಮಾಧಾನ ಹೇಳಿ, ಚೀಟಿಯನ್ನು ಹರಿದೊಗೆದು, ಮುಂದಿನ ಬಸಿರಿನ ತನಕ ಆ ಮಾತನ್ನೇ ಎತ್ತದೆ ಇರುವ ಮನೆಗಳನ್ನು ನಾನು ಬಹಳ ಬಲ್ಲೆ. ಬಸಿರಿಯ ವಿಷಯದಲ್ಲಿ ಗಡಿಯೆಂಬ ಮಾತೇ ಸಲ್ಲದು. ನಮ್ಮ ಸರಕಾರದ ನಿಯಮದಂತೆ ಗ್ಲೂಕೋಸ್ ಕುಡಿದ ಎರಡು ತಾಸಿಗೆ 140 ಬಂದರೆ ಬಸಿರಿಗೆ ಅದು ರೋಗವೇ. ಬೇರೆಯವರಿಗೆ ಗಡಿಯಾದ ಅಂಕವು ಅವಳಿಗೆ ಚಿಕಿತ್ಸೆಯ ಅಂಕ. ಆ ಪರೀಕ್ಷೆಯನ್ನು ಬಸಿರಿನ ಮೊದಲನೆಯ ಭೇಟಿಯಲ್ಲಿಯೂ, ಆಗ ಕಾಣದಿದ್ದರೆ 24ರಿಂದ 28ನೆಯ ವಾರದೊಳಗೂ, ಸಕ್ಕರೆ ಕಂಡಿದ್ದವರಿಗೆ ಹೆರಿಗೆಯಾಗಿ ಆರು ವಾರಕ್ಕೂ ಮಾಡಿಸತಕ್ಕದ್ದು. ಕೊನೆಯದೇ ಬಹಳವಾಗಿ ತಪ್ಪಿಹೋಗುವುದು. ಆಗ ಮನೆಯಲ್ಲಿ ಎಲ್ಲರ ಕಣ್ಣೂ ಕೂಸಿನ ಮೇಲೆ.

ಇಷ್ಟನ್ನು ಹೇಳಿದ ಮೇಲೆ ನನ್ನ ಮುಖ್ಯವಾದ ವಾದಕ್ಕೆ ಬರುತ್ತೇನೆ. ಮನೆತನದ ಲೆಕ್ಕ ಇಷ್ಟು ಮಹತ್ತ್ವದ್ದಾಗಿರುವಾಗ, ಆ ಲೆಕ್ಕವನ್ನು ಅತಿ ಅವಶ್ಯವಾಗಿ ತಿಳಿಯಬೇಕಾದ ಹೆಣ್ಣುಮಗಳಿಂದಲೇ ನಾವು ಅದನ್ನು ಮರೆಮಾಡುತ್ತಿದ್ದೇವೆ. ತಾಯಿಗೆ ಸಕ್ಕರೆ ರೋಗವಿದೆಯೆಂದು ತಿಳಿದರೆ ಮಗಳ ಲಗ್ನಕ್ಕೆ ಅಡ್ಡಿಯಾದೀತೆಂಬ ಭಯದಿಂದ ಗುಳಿಗೆಗಳನ್ನು ಅಕ್ಕಿಯ ಡಬ್ಬಿಯಲ್ಲಿ ಮುಚ್ಚಿಡುವವರಿದ್ದಾರೆ. ಮಗಳ ಚೀಟಿಯಲ್ಲಿ 112 ಬಂದರೆ ಅದನ್ನು ಅವಳಿಗೂ ತೋರಿಸದೆ ಹರಿದುಹಾಕುವ ತಂದೆಗಳಿದ್ದಾರೆ. ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ತನ್ನ ತಾಯಿಗೆ ಹನ್ನೆರಡು ವರ್ಷಗಳಿಂದ ಮಧುಮೇಹವಿತ್ತೆಂಬುದನ್ನು ತನ್ನ ಎರಡನೆಯ ಕೂಸು ಬಸಿರಿನಲ್ಲಿಯೇ ತೀರಿಹೋದ ಮೇಲೆ ತಿಳಿದಳು. ಅವಳ ಮೊದಲನೆಯ ಬಸಿರಿನಲ್ಲಿ ವೈದ್ಯರು ಮನೆತನದಲ್ಲಿ ಸಕ್ಕರೆ ಉಂಟೋ ಎಂದು ಕೇಳಿದ್ದರು. ಪಕ್ಕದಲ್ಲಿದ್ದ ತಾಯಿಯು ಇಲ್ಲವೆಂದಿದ್ದಳು. ಎದುರಿಗೆ ಬೀಗಿತಿ ನಿಂತಿದ್ದಳಂತೆ. ಆ ತಾಯಿಯನ್ನು ನಾನು ದೂಷಿಸಲಾರೆ. ಅಂಥ ಸುಳ್ಳನ್ನು ಹೇಳಿಸುವ ಪದ್ಧತಿಯನ್ನು ದೂಷಿಸುತ್ತೇನೆ.

ಪಾಲಕರು ಕೇಳಬಹುದು: ನಾವೊಬ್ಬರೇ ನಿಜ ಹೇಳಿ ನಮ್ಮ ಮಗಳನ್ನು ಮನೆಯಲ್ಲಿ ಕೂರಿಸಿಕೊಳ್ಳಬೇಕೇ? ಈ ಪ್ರಶ್ನೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಕೇಳಲು ಬಂದ ಮನೆಯ ಸ್ಥಿತಿಯನ್ನು ನೋಡಿರಿ. ಅದೇ ಸಂಶೋಧನಾ ಮಂಡಳಿಯು 2023ರಲ್ಲಿ ಪ್ರಕಟಿಸಿದಂತೆ ಭಾರತದಲ್ಲಿ ಹತ್ತು ಕೋಟಿಗೆ ಮೇಲ್ಪಟ್ಟು ಮಧುಮೇಹಿಗಳೂ, ಹದಿಮೂರು ಕೋಟಿಗೆ ಮೇಲ್ಪಟ್ಟು ಗಡಿಯಲ್ಲಿರುವವರೂ ಇದ್ದಾರೆ. ಪ್ರಾಯಸ್ಥರಲ್ಲಿ ಸುಮಾರು ನಾಲ್ವರಿಗೊಬ್ಬರು ಈ ಎರಡರಲ್ಲೊಂದು ಪಟ್ಟಿಗೆ ಸೇರಿದವರು. ವರನ ಕಡೆಯಿಂದ ನಾಲ್ಕು ಮಂದಿ ಹಿರಿಯರು ಬಂದು ಚಾಪೆಯ ಮೇಲೆ ಕುಳಿತರೆ ಅವರಲ್ಲಿ ಒಬ್ಬರ ಸಕ್ಕರೆಯಾದರೂ ಸಹಜಕ್ಕೆ ಮೀರಿದ್ದಿರುವುದು ಆಶ್ಚರ್ಯವಲ್ಲ. ಪರೀಕ್ಷೆ ಮಾಡಿಸಿಲ್ಲವಾದುದರಿಂದ ಅವರು ಆರೋಗ್ಯವಂತರೆಂದು ಎಣಿಸಲ್ಪಟ್ಟಿದ್ದಾರೆ. ಇನ್ನು ನಮ್ಮ ಸೀಮೆಯಲ್ಲಿ ಸೋದರಮಾವನಿಗೋ ಸೋದರತ್ತೆಯ ಮಗನಿಗೋ ಹೆಣ್ಣು ಕೊಡುವ ಮನೆಗಳಲ್ಲಿ ಬಚ್ಚಿಡುವುದಾದರೂ ಯಾರಿಂದ? ಎರಡು ಕಡೆಯ ಅಜ್ಜಿಯೂ ಒಬ್ಬಳೇ ಆಗಿರುತ್ತಾಳೆ. ಅಲ್ಲದೆ ವಿಚಾರಣೆಯು ಹೆಣ್ಣಿನ ಕಡೆಗೆ ಮಾತ್ರ ನಡೆಯುವುದೇಕೆ? ಮಗುವಿಗೆ ಅಪಾಯವು ತಂದೆಯ ಮನೆತನದಿಂದಲೂ ಬರುತ್ತದೆಯೆಂಬುದನ್ನು ಫ್ರೇಮಿಂಗ್‌ಹ್ಯಾಮಿನ ಲೆಕ್ಕವು ಚೆನ್ನಾಗಿ ತೋರಿಸಿದೆ. ಎರಡು ಕಡೆಯವರೂ ಚೀಟಿಗಳನ್ನು ತೆರೆದು ಮುಂದಿಟ್ಟುಕೊಂಡು ಮಾತಾಡುವ ದಿವಸ ಬಂದರೆ ಯಾವ ಕಡೆಗೂ ಅವಮಾನವಿರುವುದಿಲ್ಲ. ಅಂಥ ಮಾತನ್ನು ಮೊದಲು ಆರಂಭಿಸುವ ಧೈರ್ಯವನ್ನು ನಾನು ಗಂಡುಮಕ್ಕಳ ತಾಯಂದಿರಾಗಿರುವ ನಮ್ಮ ಹಳೆಯ ವಿದ್ಯಾರ್ಥಿನಿಯರಿಂದ ನಿರೀಕ್ಷಿಸುತ್ತೇನೆ; ಹೆಣ್ಣು ಹೆತ್ತವರಿಗಿಂತ ಅವರಿಗೆ ಅದು ಸುಲಭ.

ಮತ್ತಾಯನ ಸುವಾರ್ತೆಯ ಮೊದಲನೆಯ ಅಧ್ಯಾಯದ ವಂಶಾವಳಿಯನ್ನು ಓದುವಾಗ ನಮ್ಮ ಹುಡುಗಿಯರು ಆಕಳಿಸುವುದನ್ನು ನಾನು ಇಷ್ಟು ವರ್ಷ ನೋಡಿದ್ದೇನೆ. ಆದರೆ ಆ ಪಟ್ಟಿಯಲ್ಲಿ ತಾಮಾರಳ, ರಾಹಾಬಳ, ರೂತಳ ಹೆಸರುಗಳನ್ನು ಬಿಡದೆ ಸೇರಿಸಿದ್ದಾರೆ. ಊರೀಯನ ಹೆಂಡತಿಯೂ ಅಲ್ಲಿದ್ದಾಳೆ. ಲೋಕದ ಕಣ್ಣಿಗೆ ಮರೆಮಾಡತಕ್ಕವೆಂದು ತೋರುವ ಸಂಗತಿಗಳನ್ನೂ ಬರೆದಿಟ್ಟ ವಂಶಾವಳಿ ಅದು. ನಮ್ಮ ಕ್ರೈಸ್ತ ಕುಟುಂಬಗಳಲ್ಲಿ ಮನೆಯ ಬೈಬಲಿನ ಆರಂಭದ ಹಾಳೆಗಳಲ್ಲಿ ಜನನ, ದೀಕ್ಷಾಸ್ನಾನ, ವಿವಾಹ, ಮರಣಗಳ ತೇದಿಗಳನ್ನು ಬರೆದಿಡುವ ಒಳ್ಳೆಯ ಪದ್ಧತಿಯುಂಟು. ಅದೇ ಹಾಳೆಯಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಸಕ್ಕರೆ ಕಂಡಿತು, ಯಾರ ಕಾಲಿನ ಹುಣ್ಣು ಮಾಯದೆ ಹೋಯಿತು, ಯಾರ ಬಸಿರಿನಲ್ಲಿ ಸಕ್ಕರೆ ಏರಿತ್ತು ಎಂಬುದನ್ನೂ ಒಂದೊಂದು ಸಾಲಿನಲ್ಲಿ ಬರೆಯಬಹುದಲ್ಲವೆ? ಹಿಂದೂ ಮುಸಲ್ಮಾನ ಮನೆಗಳವರು ತಮಗೆ ಒಪ್ಪುವ ಪುಸ್ತಕದಲ್ಲಿ ಬರೆಯಲಿ. ಅಜ್ಜಿಯು “ನೀರಡಿಕೆ ಹೆಚ್ಚಾಗಿ ಸೊರಗಿ ಸತ್ತಳು” ಎಂಬಷ್ಟೇ ನೆನಪಿದ್ದರೂ ಬರೆಯಿರಿ. ವೈದ್ಯರಿಗೆ ಅದರಿಂದಲೂ ಅರ್ಥವಾಗುವುದು ಇದೆ.

ಸರಕಾರದ ಯೋಜನೆಯಂತೆ 30 ವರ್ಷ ತುಂಬಿದವರಿಗೆ ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿಯೂ ಉಪಕೇಂದ್ರಗಳಲ್ಲಿಯೂ ಸಕ್ಕರೆ ಮತ್ತು ರಕ್ತದೊತ್ತಡಗಳನ್ನು ಉಚಿತವಾಗಿ ನೋಡುತ್ತಾರೆ. ಆಶಾ ಕಾರ್ಯಕರ್ತೆಯರು ಮನೆಗೆ ಬಂದು ತುಂಬಿಸಿಕೊಳ್ಳುವ ಪತ್ರದಲ್ಲಿ ಮನೆತನದ ರೋಗಗಳನ್ನು ಕುರಿತ ಪ್ರಶ್ನೆಯೂ ಇದೆ. ಅವಳಿಗೆ ನಿಜವನ್ನು ಹೇಳಿರಿ. ಹೊಲದಲ್ಲಿ ನಾಟಿ, ಕಳೆ, ಹತ್ತಿ ಬಿಡಿಸುವ ಕೆಲಸಗಳನ್ನು ಮಾಡುವವಳಿಗೆ ನಡಿಗೆಯ ಉಪದೇಶ ಬೇಕಿಲ್ಲ. ಪಟ್ಟಣದ ಮನೆಯೊಳಗೆ ದಿನವಿಡೀ ಇರುವ ಗುಮಾಸ್ತರ, ಉಪಾಧ್ಯಾಯರ ಹೆಂಡಂದಿರಿಗೆ ಬೇಕು. ಸಂಜೆ ನಮ್ಮ ಶಾಲೆಯ ಆಟದ ಬಯಲು ಖಾಲಿಯಿರುತ್ತದೆ, ಗೇಟಿನ ಕಾವಲುಗಾರನಿಗೆ ನಾನು ಹೇಳಿಟ್ಟಿದ್ದೇನೆ. ಮಗಳನ್ನು ಕರೆದೊಯ್ಯಲು ಬಂದ ತಾಯಂದಿರು ಅಲ್ಲಿ ಅರ್ಧ ತಾಸು ನಡೆಯಬಹುದು. ಗಡಿಯಲ್ಲಿ ಅಂಕ ಬಂದವರು ವರ್ಷಕ್ಕೊಮ್ಮೆ ಮತ್ತೆ ನೋಡಿಸಬೇಕು. ಬಸಿರಿನಲ್ಲಿ ಸಕ್ಕರೆ ಕಂಡಿದ್ದವರು 30 ತುಂಬುವ ತನಕ ಕಾಯಬೇಕಾಗಿಲ್ಲ. ಹೋಗುವಾಗ ಹಳೆಯ ಚೀಟಿಗಳನ್ನೂ, ಓದಬಲ್ಲ ಮಗಳನ್ನೂ ಜೊತೆಯಲ್ಲಿ ಕರೆದುಕೊಂಡು ಹೋಗಿರಿ. ಅಂಕಗಳನ್ನು ಅವಳೇ ತನ್ನ ಕೈಯಿಂದ ಪುಸ್ತಕದಲ್ಲಿ ಬರೆದುಕೊಳ್ಳಲಿ.